ನಡುಹೊಳೆಯಲ್ಲಿ ಹೆಣ್ಣು ನೋಡಿದ್ದು

ಮೊಮ್ಮಗಳು ನನ್ನನ್ನು ಹಂಪಿಗೆ ಕರೆದುಕೊಂಡು ಹೋಗಿದ್ದಳು. ಹೊತ್ತು ಮುಳುಗುವಾಗ ಹರಿಗೋಲಿನಲ್ಲಿ ಕೂತು ದಂಡೆಗುಂಟ ಹಾಳು ಪಟ್ಟಣವನ್ನು ನೋಡುವುದು ಈಗ ದೊಡ್ಡ ಸಂಗತಿಯಂತೆ. ದುಡ್ಡು ಕೊಡಬೇಕು, ಸರದಿಗೆ ಕಾಯಬೇಕು, ಕೂತ ಮೇಲೆ ಎಲ್ಲರೂ ಒಬ್ಬರ ಫೋಟೋ ಒಬ್ಬರು ತೆಗೆಯಬೇಕು. ನಡುಹೊಳೆಗೆ ಬಂದಾಗ ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ, "ಅಜ್ಜಿ, ಒಂದ್ ನಾಕು ಸುತ್ತು ಗಿರಗಿರ ತಿರಗಸ್ಲೇನು? ಬಂದವ್ರೆಲ್ಲಾ ತಿರಗಸು ಅಂತಾರ" ಎಂದು ಕೇಳಿದ.

"ತಿರಗಿಸಿದಿ ಅಂದ್ರ ನೋಡು ಮತ್ತ," ಎಂದೆ. ಅವನು ಪಾಪ, ಮುಖ ಸಣ್ಣದು ಮಾಡಿಕೊಂಡ. ಮೊಮ್ಮಗಳು ನನ್ನ ಮೊಣಕೈ ತಿವಿದು, "ಅಷ್ಟ್ಯಾಕ ಸಿಟ್ಟು ಅಜ್ಜಿ?" ಎಂದಳು. ಒದ್ದೆ ಬಿದಿರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆ ವಾಸನೆಯಲ್ಲಿ ನನ್ನ ಹರೆಯದ ಒಂದು ಚಳಿಗಾಲ ಇದೆ. ಅದರ ಕಿರಿಕಿರಿ ಇಷ್ಟು ವರ್ಷವಾದರೂ ನನ್ನ ಮೈಯಿಂದ ಇಳಿದಿಲ್ಲವೆಂದು ಆ ಮಗುವಿಗೆ ಹೇಗೆ ಹೇಳಲಿ?

ಆಗಿನ್ನೂ ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ಗಂಗಾವತಿ ನಿಜಾಮರ ರಾಜ್ಯದಲ್ಲಿತ್ತು, ಹೊಳೆ ದಾಟಿದರೆ ಇಂಗ್ರೇಜಿ ಸರ್ಕಾರ. ಆಚೆಯವರು ನಮ್ಮ ಕಡೆಗೆ ಮೊಗಲಾಯಿ ಅನ್ನುತ್ತಿದ್ದರು. ನಮ್ಮ ನಾಣ್ಯ ಬೇರೆ, ಅವರ ನಾಣ್ಯ ಬೇರೆ. ಆದರೆ ಬೀಗತನ, ಜಗಳ, ಬಳೆ, ಬೆಲ್ಲ ಎಲ್ಲ ಹರಿಗೋಲಿನಲ್ಲಿ ಅತ್ತಿಂದಿತ್ತ ಓಡಾಡಿಕೊಂಡೇ ಇದ್ದವು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕಟ್ಟಿಕೊಂಡು ಅಣ್ಣನ ಮನೆ ಸೇರಿದ್ದಳು. ಆ ಅಣ್ಣನೇ ನನ್ನ ಸೋದರಮಾವ ಗುರಪ್ಪ. ಗಂಗಾವತಿ ಪೇಟೆಯಲ್ಲಿ ಶೇಂಗಾ, ಜೋಳದ ಅಡತಿ ಅಂಗಡಿ ಇಟ್ಟಿದ್ದ.

ಗುರಪ್ಪಮಾವ ಕೆಟ್ಟವನಲ್ಲ. ನಮಗೆ ಹೊಟ್ಟೆ ಬಟ್ಟೆಗೆ ಎಂದೂ ಕಡಿಮೆ ಮಾಡಲಿಲ್ಲ. ಆದರೆ ಅವನಿಗೆ ದಿಕ್ಕಿನ ಹುಚ್ಚು. ಎದ್ದರೆ ಇತ್ತ ಮುಖ, ಕೂತರೆ ಅತ್ತ ಮುಖ. ರೊಟ್ಟಿ ತಟ್ಟುವ ಮರದ ಹರಿವಾಣ, ಆ ಕೊಣಮಿಗೆಯನ್ನು ಕೂಡ ಅವನು ನಮ್ಮಿಂದ ಎಷ್ಟು ಸಲ ತಿರುಗಿಸಿ ಇಡಿಸಿದ್ದನೋ. ಮನೆಯಲ್ಲಿ ಯಾರಿಗಾದರೂ ನೆಗಡಿಯಾದರೆ, ರಾತ್ರಿ ತಲೆ ಯಾವ ಕಡೆ ಹಾಕಿ ಮಲಗಿದ್ದಿರಿ ಎಂದು ಮೊದಲು ವಿಚಾರಣೆ, ಆಮೇಲೆ ಕಷಾಯ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಆದರೆ ಅವನ ದಿಕ್ಕುಗಳು ನನ್ನ ಮದುವೆಗೆ ಅಡ್ಡ ಬಂದು ಕೂತವು. ಯಲಬುರ್ಗಾದಿಂದ ಹೆಣ್ಣು ನೋಡಲು ಬಂದವರಲ್ಲಿ ಹುಡುಗನ ತಂದೆ ಗೊತ್ತಿಲ್ಲದೆ ದಕ್ಷಿಣಕ್ಕೆ ಮುಖ ಮಾಡಿ ಕೂತು ಉಪ್ಪಿಟ್ಟು ತಿಂದ. ಆ ಸಂಬಂಧ ಉಪ್ಪಿಟ್ಟಿನ ಜೊತೆಗೇ ಮುಗಿಯಿತು. ಹನುಮಸಾಗರದವರು ಮುಂದಿನ ಓಣಿಯಲ್ಲಿ ಎಮ್ಮೆ ಅಡ್ಡ ನಿಂತಿದ್ದಕ್ಕೆ ಸುತ್ತು ಹಾಕಿ ಹಿತ್ತಿಲ ಬಾಗಿಲಿಂದ ಒಳಗೆ ಬಂದರು. ಅದೂ ಮುಗಿಯಿತು. ಪ್ರತಿ ಸಲವೂ ನಾನು ಅದೇ ಇಳಕಲ್ ಸೀರೆ ಉಟ್ಟು, ಅದೇ ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತು, ಹೆಸರು ಹೇಳಿ ಎದ್ದು ಒಳಗೆ ಹೋಗುವುದು. ಆ ಸೀರೆಯ ಮಡಿಕೆಗಳನ್ನು ಕಂಡರೆ ನನಗೆ ವಾಕರಿಕೆ ಬರುವ ಹಾಗಾಗಿತ್ತು.

ಅಷ್ಟರಲ್ಲಿ ಕುಷ್ಟಗಿಯ ಮಾತು ಬಂತು. ಅಲ್ಲೊಬ್ಬ ಸಾಹುಕಾರ, ಮಾವನ ವ್ಯಾಪಾರದ ಗೆಳೆಯ. ಹೆಂಡತಿ ತೀರಿಕೊಂಡಿದ್ದಳು. ದೊಡ್ಡ ಮಗಳು ಹೆಚ್ಚು ಕಡಿಮೆ ನನ್ನ ವಾರಿಗೆಯವಳೇ. ಅವನ ಮನೆಯ ಬಾಗಿಲು ಪೂರ್ವಕ್ಕೆ, ಅಡುಗೆಮನೆ ಆಗ್ನೇಯಕ್ಕೆ, ಬಾವಿ ಈಶಾನ್ಯಕ್ಕೆ. ಗುರಪ್ಪಮಾವನಿಗೆ ಇನ್ನೇನು ಬೇಕು? ಧನುರ್ಮಾಸ ಹಿಡಿಯುವುದರೊಳಗೆ ಬೇರೆ ಯಾವುದೂ ಕೂಡಿ ಬರದಿದ್ದರೆ ಕುಷ್ಟಗಿಗೇ ಕೊಡುವುದೆಂದು ದೀಪಾವಳಿಯ ಮರುದಿನ ಊಟದ ಹೊತ್ತಿನಲ್ಲಿ ಹೇಳಿದ. ಹೇಳಿ ಮಜ್ಜಿಗೆ ಹಾಕಿಸಿಕೊಂಡ. ನಾನು ಒಳಗೆ ಹೋಗಿ ಖಾರ ಕುಟ್ಟುವ ಒಳಕಲ್ಲಿನ ಮುಂದೆ ಕೂತು ಅತ್ತೆ.

ಹೊಸಪೇಟೆಯ ಸಂಬಂಧ ತಂದವಳು ಎರಡೂ ದಂಡೆಯ ಊರುಗಳಲ್ಲಿ ಬಳೆ ಇಡಿಸುತ್ತಿದ್ದ ಒಬ್ಬ ಮುದುಕಿ. ಹುಡುಗ ಬಸವರಾಜ, ದವಾಖಾನೆಯಲ್ಲಿ ಕಂಪೌಂಡರ್. ತಂದೆ ಶಂಕ್ರಪ್ಪ, ಬಟ್ಟೆ ಅಂಗಡಿಯವರು. ಎಲ್ಲ ಸರಿ, ಆದರೆ ಆ ಶಂಕ್ರಪ್ಪನವರು ಮೊಗಲಾಯಿಯ ಮಣ್ಣು ಮೆಟ್ಟುವುದಿಲ್ಲವೆಂದು ಆಣೆ ಮಾಡಿದ್ದರು. ಏನಾಯಿತೆಂದರೆ, ಒಮ್ಮೆ ಅವರು ಹೊಳೆ ದಾಟಿ ಈಚೆ ಬಂದಾಗ ಸುಂಕದ ನಾಕಾದ ಜವಾನನೊಬ್ಬ ಗಂಟು ಬಿಚ್ಚಿ ತೋರಿಸಿ ಎಂದನಂತೆ. ಗಂಟಿನಲ್ಲಿದ್ದದ್ದು ಬುತ್ತಿ, ರೊಟ್ಟಿ ಮತ್ತು ಶೇಂಗಾ ಚಟ್ನಿ. ನನ್ನ ಬುತ್ತಿ ಬಿಚ್ಚಿಸಿದ ಸೀಮೆಗೆ ಇನ್ನು ಕಾಲಿಡಲಾರೆ ಎಂದು ಅಲ್ಲೇ ದಂಡೆಯ ಮೇಲೆ ಕೂಗಿ ಹೇಳಿ, ರೊಟ್ಟಿ ಸಮೇತ ತಿರುಗಿ ಹೋದರಂತೆ. ಒಂದು ಬುತ್ತಿಗಾಗಿ ಒಂದು ರಾಜ್ಯವನ್ನೇ ಬಿಟ್ಟ ಮನುಷ್ಯ.

ಇತ್ತ ಗುರಪ್ಪಮಾವ, "ಗಂಡಿನವ್ರು ಹೆಣ್ಣಿನ ಮನಿಗೆ ಬರಬೇಕು. ನಾವು ಗಾಡ್ಯಾಗ ಹೇರ್ಕೊಂಡು ಹೋಗಿ ತೋರಸಾಕ ಅದೇನು ಶೇಂಗಾ ಚೀಲ ಏನು?" ಎಂದ. ಅತ್ತ ಶಂಕ್ರಪ್ಪನವರು ಆಣೆ ಬಿಡಲಿಲ್ಲ. ಬಳೆಯ ಮುದುಕಿ ಈ ಮಾತನ್ನು ಆಚೆಗೆ, ಆ ಮಾತನ್ನು ಈಚೆಗೆ ಒಯ್ದು ಒಯ್ದು ಬೇಸತ್ತಳು. ಕಾರ್ತೀಕ ಕಳೆಯಿತು. ಚಳಿ ಬಲಿತು ಜೋಳ ತೆನೆ ಕಟ್ಟತೊಡಗಿತು. ಕುಷ್ಟಗಿಯಿಂದ ಒಂದು ಬುಟ್ಟಿ ಹಣ್ಣು ಬಂತು. ಅದನ್ನು ನಾನು ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಅವ್ವ ತನ್ನಷ್ಟಕ್ಕೆ ತಾನು ಮಾತಾಡಿದಳು. "ಹೊಸಪ್ಯಾಟಿ ಸಂಬಂಧ ಛಲೋನ ಐತಿ. ಆದ್ರ ಆ ಹಿರ್‍ಯಾ ಇತ್ತ ಬರೂದಿಲ್ಲ. ಅಪ್ಪನ ಮಾತು ಮೀರಿ ಮಗ ಬರ್ತಾನೇನು? ಕರಿಯಾಕ ಹೋಗಾಕ ನಿನಗ ಅಣ್ಣ ತಮ್ಮ ಇಲ್ಲ, ನಿಮ್ಮ ಮಾವ ಆ ಬಾಗಲಕ್ಕ ಹೋಗಾಂವಲ್ಲ. ಮಗ ಬರದಿದ್ರ ನಿನ್ನ ಕರಕೊಂಡು ಬರಾವ್ರ ಯಾರು? ಪಂಚಮಿ ಬಂದಾಗ ನಾ ಬಾಗಲಾಗ ನಿಂತು ಯಾರ ದಾರಿ ನೋಡ್ಲಿ?"

ಅಲ್ಲಿಯತನಕ ನಾನು ಕುಷ್ಟಗಿ ತಪ್ಪಿದರೆ ಸಾಕು ಅಂದುಕೊಂಡಿದ್ದೆ. ಅವ್ವನ ಮಾತು ಕೇಳಿದ ಮೇಲೆ ಲೆಕ್ಕ ಬೇರೆಯಾಯಿತು. ಕುಷ್ಟಗಿಗೆ ಹೋದರೆ ನನ್ನ ಬಾಳು ಹೋಗುತ್ತಿತ್ತು. ಹೊಸಪೇಟೆಗೆ ಹೋದರೆ ಅವ್ವ ನನ್ನ ಕೈತಪ್ಪಿ ಹೋಗುತ್ತಿದ್ದಳು, ಕಣ್ಣಿಗೆ ಕಾಣುವಷ್ಟು ಹತ್ತಿರದ ದಂಡೆಯಲ್ಲಿದ್ದೂ ಹೋಗುತ್ತಿದ್ದಳು. ಆ ಹುಡುಗನಿಗೆ ಅದೊಂದೇ ಮಾತು ಕೇಳಬೇಕು ಎಂದು ನಾನು ನಿಶ್ಚಯ ಮಾಡಿದೆ. ಆದರೆ ಕೇಳಲು ಅವನು ಎದುರಿಗಾದರೂ ಬರಬೇಕಲ್ಲ.

ದಾರಿ ತೋರಿಸಿದವಳೂ ಅವ್ವನೇ. ಅಣ್ಣನಿಗೆ ಊಟ ನೀಡುತ್ತ ಬಲು ಮೆಲ್ಲಗೆ ಕೇಳಿದಳು, "ಅಣ್ಣಾ, ನಡುಹೊಳಿ ಯಾರ ಸೀಮ್ಯಾಗ ಬರತೈತಿ?" ಮಾವ ತುತ್ತು ಕೈಯಲ್ಲಿ ಹಿಡಿದು ಯೋಚನೆ ಮಾಡಿದ. ಯಾರದೂ ಅಲ್ಲ ಎಂದ. ಅವ್ವ ಅಷ್ಟಕ್ಕೆ ಸುಮ್ಮನಾದಳು. ಸಂಜೆಯ ಹೊತ್ತಿಗೆ ಅದು ಮಾವನದೇ ವಿಚಾರವಾಗಿ ಅವನ ಬಾಯಿಂದ ಹೊರಗೆ ಬಂತು. ನಾವು ಆನೆಗೊಂದಿಯಿಂದ ಹರಿಗೋಲು ಹತ್ತುವುದು, ಅವರು ಎದುರಿನ ತಳವಾರಘಟ್ಟದಿಂದ ಹತ್ತುವುದು. ಮೇಲ್ಗಡೆ ಹೊಳೆಯ ನಡುವೆ ಹಳೆಯ ಸೇತುವೆಯ ಕಲ್ಲುಕಂಬಗಳಿವೆಯಲ್ಲ, ಅಲ್ಲಿ ಕೂಡುವುದು. ಅಲ್ಲೇ ಹೆಣ್ಣು ನೋಡುವುದು. ಊರವರು ಕೇಳಿದರೆ ಹಾಳು ಪಟ್ಟಣ ನೋಡಲು ಹೊರಟಿದ್ದೇವೆ ಅನ್ನುವುದು. ಜೋಯಿಸರು ಗೋಧೂಳಿಯ ಹೊತ್ತು ಪ್ರಶಸ್ತ ಎಂದರು, ಅಂದರೆ ಸೂರ್ಯ ಮುಳುಗುವ ಹೊತ್ತು. ಶಂಕ್ರಪ್ಪನವರೂ ಒಪ್ಪಿದರು. ನೀರು ಮಣ್ಣಲ್ಲವಲ್ಲ.

ಆ ದಿನ ಆನೆಗೊಂದಿಯ ಘಟ್ಟದಲ್ಲಿ ಹುಲಿಗೆಪ್ಪನೆಂಬ ಅಂಬಿಗ ಹರಿಗೋಲು ಸಿದ್ಧ ಮಾಡಿಕೊಂಡು ಕಾಯುತ್ತಿದ್ದ. ಮಾವ ಒಂದು ಮಣೆ, ಒಂದು ಕಂಬಳಿ, ಒಂದು ಛತ್ರಿ ತಂದಿದ್ದ. ಮಾವ, ಅವ್ವ, ನಾನು ಹತ್ತಿದೆವು. ಮಣೆ ನನಗೆ. ಹರಿಗೋಲಿನ ತಳ ಬುಟ್ಟಿಯ ಹಾಗೆ ಉಬ್ಬು ತಗ್ಗು, ಅದರ ಮೇಲೆ ಮಣೆ ನಿಲ್ಲುತ್ತದೆಯೇ? ನಾನು ಕೂತ ಕೂಡಲೇ ಅದು ಒಂದು ಕಡೆ ಎದ್ದಿತು, ಒತ್ತಿದರೆ ಇನ್ನೊಂದು ಕಡೆ ಎದ್ದಿತು. "ಮಣಿ ಬ್ಯಾಡ ಮಾವ, ಕಂಬಳಿ ಮ್ಯಾಲೆ ಕುಂದರ್ತೀನಿ" ಎಂದೆ. "ಇಷ್ಟು ಮಂದಿ ಮಣಿ ಮ್ಯಾಲೆ ನೋಡ್ಯಾರ, ಇವ್ರೂ ಮಣಿ ಮ್ಯಾಲ ನೋಡ್ಲಿ" ಎಂದ. ಹೀಗೆ ಹಂಪಿಯ ದಂಡೆಯನ್ನು ನಾನು ಮೊಟ್ಟಮೊದಲು ನೋಡಿದ್ದು ಕಡಗೋಲಿನ ಹಾಗೆ ಅತ್ತಿತ್ತ ಆಡುತ್ತ.

ಹೊಳೆ ಶಾಂತವಾಗಿತ್ತು. ಹುಲಿಗೆಪ್ಪ ದಂಡೆಯ ಮಗ್ಗುಲಿಗೆ ನೀರು ನಿಂತಂತಿದ್ದ ಕಡೆ ಹುಟ್ಟು ಹಾಕುತ್ತ ಮೇಲಕ್ಕೆ ನಡೆಸಿದ. ಆಚೆ ದಂಡೆಯಲ್ಲಿ ಪಾವಟಿಗೆಗಳು ನೀರಿಗೆ ಇಳಿದಿದ್ದವು. ಅವುಗಳ ಮೇಲೆ ಒಂಟಿ ಒಂಟಿ ಮಂಟಪಗಳು, ಕೆಲವಕ್ಕೆ ಚಾವಣಿಯಿಲ್ಲ, ಕೆಲವು ಅರ್ಧ ನೀರಿನಲ್ಲಿ. ಹಿಂದೆ ಗುಂಡುಕಲ್ಲುಗಳ ಗುಡ್ಡ. ಬಿಸಿಲು ಇಳಿದಂತೆ ಆ ಗುಂಡುಗಳೆಲ್ಲ ಹುರಿಗಡಲೆಯ ಬಣ್ಣಕ್ಕೆ ಬಂದವು. ಅಷ್ಟು ದೊಡ್ಡ ಪಟ್ಟಣದ ಜನ ಇದೇ ಮೆಟ್ಟಿಲು ಇಳಿದು ಇದೇ ನೀರು ತುಂಬಿಕೊಂಡು ಹೋಗಿರಬೇಕು ಎಂದುಕೊಳ್ಳುತ್ತ ನನಗೆ ಒಂದು ಗಳಿಗೆ ಎಲ್ಲ ಮರೆತುಹೋಯಿತು. ಮಾವ ಛತ್ರಿಯ ತುದಿಯಿಂದ ನನ್ನ ಭುಜ ಮುಟ್ಟಿ, "ಅತ್ತ ಏನು ನೋಡ್ತಿ? ಮೂಡಣಕ್ಕ ಮಾರಿ ಮಾಡು" ಎಂದ. ಪಟ್ಟಣ ನೋಡಲು ಹೊರಟಿದ್ದೇವೆಂದು ಊರಿಗೆಲ್ಲ ಹೇಳಿ ಬಂದವನು ಅವನೇ.

ಕಲ್ಲುಕಂಬಗಳ ಹತ್ತಿರ ಅವರ ಹರಿಗೋಲು ಆಗಲೇ ಬಂದು ನಿಂತಿತ್ತು. ಶಂಕ್ರಪ್ಪನವರು, ಅವರ ಹೆಂಡತಿ ಸಂಗಮ್ಮ, ಮಗ, ಒಬ್ಬ ಅಂಬಿಗ. ಮಗನ ಕೈಗೆ ಹಗ್ಗ ಕೊಟ್ಟಿದ್ದರು, ಅದನ್ನು ಕಂಬಕ್ಕೆ ಸುತ್ತಿ ಹಿಡಿದು ಹರಿಗೋಲು ಹರಿದು ಹೋಗದಂತೆ ನೋಡಿಕೊಳ್ಳಲು. ಅವನು ಹಗ್ಗ ಹಿಡಿದ ರೀತಿಯಲ್ಲೇ ನನಗೆ ತಿಳಿಯಿತು, ಅವನಿಗೆ ನೀರಿನ ಹೆದರಿಕೆ. ಬೆರಳ ಗಿಣ್ಣುಗಳೆಲ್ಲ ಬೆಳ್ಳಗಾಗಿದ್ದವು. ಕಿವಿ ಸ್ವಲ್ಪ ದೊಡ್ಡವು. ಇಷ್ಟನ್ನು ನೋಡುವುದರೊಳಗೆ ಮಾವ, "ಹುಲಿಗೆಪ್ಪ, ತಿರುಗಿಸು, ಹುಡುಗಿ ಮಾರಿ ಮೂಡಣಕ್ಕ ಬರಲಿ" ಎಂದ. ನನ್ನ ಬೆನ್ನು ಅವರ ಕಡೆಗಾಯಿತು.

ಇದಕ್ಕೆ ಪರಿಹಾರ ಇತ್ತು. ಅವರ ಹರಿಗೋಲು ನಮ್ಮ ಮೂಡಣ ಮಗ್ಗುಲಿಗೆ ಬಂದು, ಅವರು ಪಡುವಣಕ್ಕೆ ಮುಖ ಮಾಡಿದ್ದರೆ ಮುಗಿಯುತ್ತಿತ್ತು. ಮಾವ ಅದನ್ನೇ ಹೇಳಿದ. ಶಂಕ್ರಪ್ಪನವರು ಹೆಗಲ ವಲ್ಲಿ ಸರಿ ಮಾಡಿಕೊಂಡರು. "ಏನ್ರಿ ಗುರಪ್ಪನವರ, ಮುಳುಗೋ ಸೂರ್ಯನ್ನ ನೋಡಕೋತ ಮದವಿ ಮಾತು ಆಡಬೇಕಂತೀರೇನು? ನನ್ನ ಮಗಾನೂ ಮೂಡಣಕ್ಕ ಮಾರಿ ಮಾಡೇ ಕುಂದ್ರಾಂವ."

"ಹೆಣ್ಣು ಮೂಡಣಕ್ಕ ಕುಂದ್ರೂದು ಪದ್ಧತಿ ಐತ್ರಿ."

"ಗಂಡು ಪಡುವಣಕ್ಕ ಕುಂದ್ರಬೇಕು ಅನ್ನೂ ಪದ್ಧತಿ ಎಲ್ಲೈತ್ರಿ?"

ಹೀಗೆ ಮಾತು ಬೆಳೆದು ಕೊನೆಗೆ ಇಬ್ಬರೂ ಒಪ್ಪುವ ಒಂದು ಏರ್ಪಾಡು ಆಯಿತು. ಎರಡೂ ಹರಿಗೋಲಿನವರು ಮೂಡಣಕ್ಕೇ ಮುಖ ಮಾಡಿ ಕೂತೆವು. ಮುಂದೆ ನಾವು, ನಮ್ಮ ಬೆನ್ನ ಹಿಂದೆ ಅವರು, ಬಸ್ಸಿನಲ್ಲಿ ಕೂತ ಹಾಗೆ. ನನಗೆ ಕಾಣುವುದು ಆನೆಗೊಂದಿಯ ಗುಡ್ಡ. ಹುಡುಗನಿಗೆ ಕಾಣುವುದು ನನ್ನ ಹೆರಳು. ಅವ್ವನ ಮುಖ ನೋಡಿದೆ, ಅವಳು ಗುಡ್ಡದ ಕಡೆ ನೋಡುತ್ತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ.

ಹೊಳೆ ಈ ಏರ್ಪಾಡಿಗೆ ಒಪ್ಪಲಿಲ್ಲ. ಕಂಬಗಳ ಸಂದಿಯಲ್ಲಿ ನೀರು ಸುಳಿಯುತ್ತದೆ, ಹರಿಗೋಲು ತಾನಾಗಿ ತಿರುಗಿತು. ನಾನು ಉತ್ತರ ನೋಡಿದೆ, ಪಡುವಣ ನೋಡಿದೆ, ಅರೆಗಳಿಗೆ ಆ ಕಿವಿಗಳನ್ನೂ ನೋಡಿದೆ. ಕೂಡಲೇ ಮಾವ ಕೂಗಿದ, ಹುಲಿಗೆಪ್ಪ ಎಳೆದು ಸರಿ ಮಾಡಿದ. ಅಷ್ಟರಲ್ಲಿ ಅವರ ಹರಿಗೋಲು ತಿರುಗಿ ಶಂಕ್ರಪ್ಪನವರು ಕೂಗಿದರು. ಮತ್ತೆ ನಮ್ಮದು. ಮತ್ತೆ ಅವರದು. ಹುಲಿಗೆಪ್ಪ ಹಣೆ ಒರೆಸಿಕೊಂಡು, "ಸಾವ್ಕಾರ್ರ, ಇದಕ್ಕ ಹಿಂದ ಮುಂದ ಅನ್ನೂದ ಇಲ್ರಿ. ನಾ ಏನು ಮಾಡ್ಲಿ?" ಎಂದ. ನನ್ನ ಮಣೆ ಒಂದು ಸಲ ಜಾರಿ ನಾನು ಅವ್ವನ ಮಡಿಲಿಗೆ ಬಿದ್ದೆ. ಸೀರೆಯ ಅಂಚು ನೆನೆಯಿತು. ಹಾಗೆ ಕೂಗಾಟದಲ್ಲೇ ಸೂರ್ಯ ಗುಡ್ಡದ ಹಿಂದೆ ಇಳಿದ. ದಂಡೆಯ ಮಂಟಪಗಳು ಒಂದೊಂದೇ ಕಪ್ಪಾದವು.

ಮಾವ ಛತ್ರಿಯನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡ. "ಮುಗೀತು. ಗೋಧೂಳಿ ದಾಟಿತು. ಇದು ಕೂಡಿ ಬರೂ ಸಂಬಂಧ ಅಲ್ಲ. ಹುಲಿಗೆಪ್ಪ, ಹೊಂಡು. ನಾಳಿ ಕುಷ್ಟಗಿಗೆ ಹೇಳಿ ಕಳಸ್ತೀನಿ."

ನನಗೆ ಏನಾಯಿತೋ. ಧೈರ್ಯ ಅಂತ ಹೇಳಲಾರೆ, ಅದು ಬರೀ ರೇಗು. ಹೊಳೆಯ ಮೇಲೆ ರೇಗು, ಛತ್ರಿಯ ಮೇಲೆ ರೇಗು, ಎಲ್ಲಕ್ಕಿಂತ ಆ ಮಣೆಯ ಮೇಲೆ. ಮಣೆಯನ್ನು ತೆಗೆದು ಪಕ್ಕಕ್ಕೆ ಎಸೆದೆ. ಕಂಬಳಿಯ ಮೇಲೆ ಕೂತಲ್ಲೇ ತಿರುಗಿ, ಪಡುವಣಕ್ಕೆ ಮುಖ ಮಾಡಿ ಅವರ ಎದುರಿಗೆ ಕೂತೆ. ಹುಡುಗ ಹಗ್ಗ ಹಿಡಿದುಕೊಂಡೇ ನನ್ನನ್ನು ನೋಡಿದ.

"ನೋಡೂದಿದ್ರ ನೋಡ್ರಿ," ಎಂದೆ. "ನನ್ನ ಹೆಸರು ನೀಲವ್ವ. ನಂದು ಒಂದ ಮಾತು ಕೇಳೂದೈತಿ. ನಿಮ್ಮಪ್ಪಾರು ನಮ್ಮ ದಂಡಿಗೆ ಕಾಲಿಡೂದಿಲ್ಲಂತ ಆಣಿ ಮಾಡ್ಯಾರ. ನಾ ನಿಮ್ಮ ಮನಿಗೆ ಬಂದ್ರ, ನಮ್ಮವ್ವನ್ನ ನೋಡಾಕ ನನ್ನ ಈಕಡಿ ಕರಕೊಂಡು ಬರಾವ್ರ ಯಾರ್ರಿ?"

ಮಾವ, "ಏ ನೀಲಾ, ಬಾಯಿ ಮುಚ್ಚು" ಎಂದ. ಶಂಕ್ರಪ್ಪನವರು, "ಹೆಣ್ಣು ಮಾತಾಡೂ ರೀತಿ ಏನ್ರಿ ಇದು?" ಎಂದರು. ಅವರಿಬ್ಬರೂ ಅಂದು ಜಗಳವಿಲ್ಲದೆ ಒಂದೇ ಮಾತಿಗೆ ಬಂದದ್ದು ಅದೊಂದೇ ಸಲ.

ಹುಡುಗ ಅಪ್ಪನ ಕಡೆ ನೋಡಲಿಲ್ಲ. ನೀರಿನ ಕಡೆ ಒಮ್ಮೆ ನೋಡಿದ. ಸಣ್ಣ ದನಿಯಲ್ಲಿ, "ಆಣಿ ಅಪ್ಪಂದ್ರಿ. ನಂದಲ್ಲ" ಎಂದ.

ಶಂಕ್ರಪ್ಪನವರ ಕತ್ತಿನ ನರ ಉಬ್ಬಿತು. ಅವರು ಏನೋ ಅನ್ನಲು ಬಾಯಿ ತೆರೆದರು. ಅಷ್ಟೂ ಹೊತ್ತು ಮಾತೇ ಆಡದೆ ಕೂತಿದ್ದ ಸಂಗಮ್ಮ ಆಗ ಕೈ ಚಾಚಿ ನಮ್ಮ ಹರಿಗೋಲಿನ ಅಂಚು ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ನನ್ನ ಗಲ್ಲ ಎತ್ತಿ ಇಳಿಬೆಳಕಿನಲ್ಲಿ ನನ್ನ ಮುಖವನ್ನು ಚೆನ್ನಾಗಿ ನೋಡಿದರು. "ಹುಡುಗಿ ಛಲೋ ಅದಾಳ. ನಾ ನೋಡೀನಿ," ಎಂದರು. ಆಮೇಲೆ ಗಂಡನಿಗೆ, "ಇನ್ನ ನೀವು ಯಾವ ಕಡಿ ಬೇಕಾದ್ರೂ ಮಾರಿ ಮಾಡಿ ಕುಂದರ್ರಿ" ಎಂದರು.

ಗುರಪ್ಪಮಾವ ಅವ್ವನ ಕಡೆ ನೋಡಿದ, ನೀನಾದರೂ ನಿನ್ನ ಮಗಳಿಗೆ ಹೇಳು ಅನ್ನುವಂತೆ. ಅವ್ವ ಇನ್ನೂ ಅಣ್ಣ ಹೇಳಿದ ಹಾಗೆಯೇ ಮೂಡಣಕ್ಕೆ ಮುಖ ಮಾಡಿ ಕೂತಿದ್ದಳು. ಅಣ್ಣನ ಮನೆ ಸೇರಿದಂದಿನಿಂದ ಅವನು ತೋರಿಸಿದ ಕಡೆಗೇ ಮುಖ ಮಾಡಿ ಬದುಕಿದವಳು. ಅವಳು ಒಂದು ಕೈಯನ್ನು ನನ್ನ ಹೆಗಲ ಮೇಲೆ ಊರಿ, ಹರಿಗೋಲು ಅಲ್ಲಾಡದ ಹಾಗೆ ಮೆಲ್ಲಗೆ ತಿರುಗಿ ಕೂತಳು. ಹುಡುಗನ ಮುಖ ಸರಿಯಾಗಿ ಕಾಣಿಸಲೆಂದು ಮುಂದಕ್ಕೆ ಬಾಗಿದಳು.

"ಇನ್ನೊಂದ್ ಸಲ ಹೇಳಪಾ," ಎಂದಳು. "ಏನಂದಿ?"

ಅವನು ಹಗ್ಗವನ್ನು ಒಂದು ಕೈಗೆ ತಂದುಕೊಂಡು, ಈ ಸಲ ಎರಡೂ ದಂಡೆಗೆ ಕೇಳಿಸುವ ಹಾಗೆ ಹೇಳಿದ.

"ಆಣಿ ಅಪ್ಪಂದ್ರಿ ಅತ್ತಿ. ನಂದಲ್ಲ."